ಟ್ರಂಕಿನಲ್ಲಿ ಸಿಕ್ಕ ಸನದು: ನಮ್ಮ ಹೊಲ ಕಸಿದವರು ಇಂಗ್ಲಿಷರೇನಾ?

ಪ್ರಶ್ನೆ: ಸರ್, ನಮ್ಮದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಊರಿನ ಹಳೇ ಮಣ್ಣಿನ ಮನೆ ಬಿಚ್ಚಿಸುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಅದರಲ್ಲಿ ಸಿಕ್ಕಾ (ಮುದ್ರೆ) ಒತ್ತಿದ, ಮೋಡಿ ಲಿಪಿಯ (ಹಳೇ ಮರಾಠಿ ಕೈಬರಹದ) ಕಾಗದ ಒಂದು, ಇನ್ನೊಂದು ಉದ್ದನೆಯ ಮೋಡಿ ಕಾಗದ, ಇಂಗ್ಲಿಷಿನಲ್ಲಿ ಬರೆದ ಹಾಳೆ, ಮತ್ತೆ 1871ರ ಕೆಲವು ಕಂದಾಯದ ಪಾವತಿಗಳಿವೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಒಂದು ಮಾತಿದೆ: ನಮ್ಮ 40 ಎಕರೆ 12 ಗುಂಟೆ ಇನಾಮು ಹೊಲವನ್ನು ಇಂಗ್ಲಿಷರು ಕಸಿದುಕೊಂಡರು, ಯಾಕಂದ್ರೆ ನಮ್ಮ ಹಿರಿಯರು ನರಗುಂದ ಬಾಬಾಸಾಹೇಬನ ಕಡೆ ಇದ್ದರು. ಈಗ ಕಾಕಾ ಕೋರ್ಟಿಗೆ ಹೋಗೋಣ ಅನ್ನುತ್ತಿದ್ದಾರೆ. ಒಬ್ಬರು ಏಜೆಂಟ್ 60 ಸಾವಿರ ಕೊಟ್ಟರೆ ಲಂಡನ್ನಿನಿಂದ ಮೂಲ ದಾಖಲೆ ತರಿಸುತ್ತೇನೆ, ಕಾಗದಗಳನ್ನು ಅಲ್ಲಿ ಮಾರಿಸಿಯೂ ಕೊಡುತ್ತೇನೆ ಅಂತಾರೆ. ಹತ್ತನೇ ಕ್ಲಾಸಿನ ಮಗಳು ಮಾತ್ರ, "ಇಂಗ್ಲಿಷರೇ ಅಲ್ವಾ ಸರ್ವೆ ಮಾಡಿಸಿ ಹೊಲಕ್ಕೆ ದಾಖಲೆ ಕೊಟ್ಟಿದ್ದು?" ಅಂತ ಕೇಳುತ್ತಾಳೆ. ಯಾವುದು ನಿಜ? ನಾವೀಗ ಏನು ಮಾಡಬೇಕು? ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಫೋಟೋಗಳನ್ನು ಎರಡು ದಿನ ಕೂತು ನೋಡಿದೆ. ಹಳೇ ಕಂದಾಯ ಕಾಗದಗಳ ಜೊತೆಗೇ ನನ್ನ ವೃತ್ತಿಜೀವನ ಕಳೆದಿದೆ. ಇಂಥ ಟ್ರಂಕುಗಳು ಧಾರವಾಡ, ಗದಗ, ಬೆಳಗಾವಿ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿವೆ. ಅವುಗಳ ಜೊತೆಗೆ ಬರುವ ಕಥೆಯೂ ಹೆಚ್ಚುಕಡಿಮೆ ಇದೇ. ನಿಮ್ಮ ಮನೆಯ ಮಾತಿನಲ್ಲಿ ನಿಜ ಇದೆ. ಆದರೆ ನೀವು ತಿಳಿದುಕೊಂಡಿರುವ ಜಾಗದಲ್ಲಿಲ್ಲ.

ಮೊದಲು ನಿಮ್ಮ ಕಾಗದಗಳೇ ಏನು ಹೇಳುತ್ತವೆ ನೋಡೋಣ. ಮೊದಲನೆಯದು ಸನದು, ಅಂದರೆ ಇನಾಮು ಕೊಟ್ಟದ್ದಕ್ಕೆ ಸರ್ಕಾರದ ಹಕ್ಕುಪತ್ರ. ಹಾಳೆಯ ಈ ತುದಿಯಿಂದ ಆ ತುದಿಗೆ ಮೊದಲು ಗೆರೆ ಎಳೆದು, ಅದರ ಕೆಳಗೆ ಅಕ್ಷರಗಳನ್ನು ನೇತುಹಾಕಿದ ಹಾಗೆ ಬರೆದಿದ್ದಾರೆ. ಪೇಶ್ವೆ ಕಾಲದ ಕಾರಕೂನರ (ಗುಮಾಸ್ತರ) ಕೈ ಅದು. ಕೊನೆಯಲ್ಲಿ ಚಿಕ್ಕ ಸಿಕ್ಕಾ ಇದೆಯಲ್ಲ, ಅದರಲ್ಲಿ 'ಮೋರ್ತಬ್ ಸೂದ್' ಅಂತಿದೆ. ಪತ್ರ ಇಲ್ಲಿಗೆ ಮುಗಿಯಿತು, ಇದರ ಮುಂದೆ ಯಾರೂ ಏನನ್ನೂ ಸೇರಿಸುವಂತಿಲ್ಲ ಅನ್ನುವುದಕ್ಕೆ ಆ ಗುರುತು. ಈ ಸನದಿನಲ್ಲಿ ಎಕರೆ ಎಂಬ ಮಾತೇ ಇಲ್ಲ. ಮೂಡಲಿಗೆ ಹಳ್ಳ, ತೆಂಕಲಿಗೆ ದಾರಿ ಅಂತ ಚಕ್ಕುಬಂದಿ ಮಾತ್ರ ಇದೆ. ಎಕರೆ, ಗುಂಟೆ ಬಂದದ್ದು ಇಂಗ್ಲಿಷರ ಸರ್ವೆಯ ಜೊತೆಗೆ. ಹಾಗಾಗಿ ನಿಮ್ಮ ಮನೆಯವರ ಬಾಯಲ್ಲಿರುವ '40 ಎಕರೆ 12 ಗುಂಟೆ' ಸನದಿನಿಂದ ಬಂದ ಲೆಕ್ಕ ಅಲ್ಲ, ಸರ್ವೆ ಕಾಗದದಿಂದ ಬಂದದ್ದು.

ಎರಡನೆಯದು ಕೈಫಿಯತ್ತು. ಅಂದರೆ ಹಿಡುವಳಿದಾರ ಸರ್ಕಾರದ ಮುಂದೆ ಕೊಟ್ಟ ಹೇಳಿಕೆ. ಹೊಲ ಯಾರಿಂದ ಬಂತು, ಯಾವಾಗ ಬಂತು, ಯಾರ ನಂತರ ಯಾರು ಅನುಭವಿಸಿದರು ಅಂತ ನಿಮ್ಮ ಹಿರಿಯರು ಅದರಲ್ಲಿ ಬರೆಸಿದ್ದಾರೆ. ಮೂರನೆಯ ಇಂಗ್ಲಿಷ್ ಹಾಳೆ ಅದರ ಮೇಲಿನ ತೀರ್ಪು. ಇಷ್ಟೇ ಅದರ ಸಾರ: ಈಗಿನ ಹಿಡುವಳಿದಾರ ಬದುಕಿರುವ ತನಕ ಇನಾಮು ನಡೆಯಲಿ, ಅವನ ನಂತರ ಪೂರ್ತಿ ಕಂದಾಯ ಹಾಕಿ. ಅಲ್ಲಿ ಎಲ್ಲೂ ಹೊಲ ಜಪ್ತಿ ಮಾಡಿ ಅಂತ ಇಲ್ಲ.

ಇನಾಮು ಅಂದರೆ ಬಹಳ ಕಡೆ ಹೊಲದ ಒಡೆತನ ಅಲ್ಲ. ಆ ಹೊಲದಿಂದ ಸರ್ಕಾರಕ್ಕೆ ಸೇರಬೇಕಾದ ಕಂದಾಯವನ್ನು ಬಿಟ್ಟುಕೊಟ್ಟದ್ದು, ಅಥವಾ ಅದರ ಒಂದು ಪಾಲನ್ನು ಬಿಟ್ಟದ್ದು. ಗುಡಿಯ ಪೂಜಾರಿಗೆ, ಮಠಕ್ಕೆ, ಊರ ಗೌಡನಿಗೆ, ಕುಲಕರ್ಣಿಗೆ, ತಳವಾರನಿಗೆ, ಕಾವಲು ಕಾಯುವ ಶೇತಸನದಿಗೆ, ಹೀಗೆ ಬೇರೆಬೇರೆ ಸೇವೆಗೆ ಕೊಡುತ್ತಿದ್ದರು. ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕೈಹಾಕಿದ್ದು ಈ ಬಿಡುವಿನ ಮೇಲೆ. ನಿಮ್ಮ ಹಿರಿಯರು ಕಣ್ಣು ಮುಚ್ಚಿದ ಮೇಲೆ ಮಕ್ಕಳ ಮನೆ ಬಾಗಿಲಿಗೆ ಬಂದದ್ದು ಹೊಸ ಕಂದಾಯದ ಲೆಕ್ಕ. 1871ರ ಪಾವತಿಗಳು ನಿಮ್ಮದೇ ಮನೆತನದ ಹೆಸರಿನಲ್ಲಿವೆ, ನೋಡಿ. ಹೊಲ ಆಗಲೂ ನಿಮ್ಮವರ ಕೈಯಲ್ಲೇ ಇತ್ತು. ಹೋಗಿದ್ದು ಬಿಡುವು.

ಅಷ್ಟೇನಾ ಅಂತ ಹಗುರಾಗಿ ತಗೊಳ್ಳಬೇಡಿ. ಆ ಕಪ್ಪು ನೆಲದಲ್ಲಿ ಮಳೆ ನಂಬಿ ಬದುಕುವ ಮನೆಗೆ ಕಂದಾಯದ ಬಿಡುವು ಅಂದರೆ ಕೆಟ್ಟ ವರ್ಷದಲ್ಲಿ ಉಳಿಯುವ ಜೋಳ. ಅದು ಹೋದರೆ ಮುಂದಿನ ಬರಕ್ಕೆ ಸಾಲ ಮಾಡಲೇಬೇಕು.

ಕಂಪನಿಯವರು ಹೀಗೆ ಯಾಕೆ ಮಾಡಿದರು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಗಳೂ ಓದಲಿ.

1818ರಲ್ಲಿ ಪೇಶ್ವೆ ಎರಡನೇ ಬಾಜೀರಾವ್ ಸೋತ. ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ಆಗ ದಖ್ಖನಿನ ಕಮಿಷನರ್ ಆಗಿದ್ದವನು ಎಲ್ಫಿನ್‌ಸ್ಟನ್. ಅದೇ ವರ್ಷ ಫೆಬ್ರುವರಿಯಲ್ಲಿ ಅವನು ಹೊರಡಿಸಿದ ಜಾಹೀರುನಾಮೆಯಲ್ಲಿ ವತನ (ಊರ ಹುದ್ದೆಯ ವಂಶಪಾರಂಪರ್ಯ ಹಕ್ಕು), ಇನಾಮು, ವರ್ಷಾಸನ (ವರ್ಷ ವರ್ಷ ಕೊಡುವ ಹಣ), ದೇವಸ್ಥಾನದ ದತ್ತಿಗಳನ್ನು ಕಾಪಾಡುತ್ತೇವೆ ಅಂತ ಮಾತು ಕೊಟ್ಟ. ಹೊಸದಾಗಿ ಗೆದ್ದ ನಾಡು, ಜನ ತಿರುಗಿಬಿದ್ದರೆ ಕಷ್ಟ ಅನ್ನುವ ಎಚ್ಚರ ಅದರಲ್ಲಿತ್ತು. 25 ವರ್ಷ ಕಳೆಯಿತು. ಆ ಎಚ್ಚರ ಕರಗಿತು. ಅಫ್ಘಾನಿಸ್ತಾನದ ಯುದ್ಧ, ಸಿಂಧ್‌ನ ಯುದ್ಧ ಅಂತ ಖರ್ಚು ಏರಿತು. ಬೊಂಬಾಯಿ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಇನಾಮು ಹೊಲಗಳೆಲ್ಲ ಕೈತಪ್ಪಿದ ಆದಾಯ ಅಂತ ಕಾಣತೊಡಗಿದವು. 1843ರಲ್ಲಿ ನಮ್ಮ ಕಡೆಯೇ, ಅವರು ದಕ್ಷಿಣ ಮರಾಠಾ ಸೀಮೆ ಅನ್ನುತ್ತಿದ್ದ ಭಾಗದಲ್ಲಿ, ಇನಾಮುಗಳ ತನಿಖೆ ಶುರುವಾಯಿತು. 1852ರ 11ನೇ ಕಾಯ್ದೆ ಅದಕ್ಕೆ ಪೂರ್ತಿ ಬಲ ಕೊಟ್ಟಿತು. ಇದೇ ಇನಾಮ್ ಕಮಿಷನ್.

ಕಾಯ್ದೆ ಕೆಲಸ ಮಾಡಿದ ರೀತಿ ನೋಡಿ. ಸರ್ಕಾರ ಏನನ್ನೂ ಸಾಬೀತು ಮಾಡಬೇಕಿರಲಿಲ್ಲ. ಹೊಲ ಹಿಡಿದವನೇ ಸಾಬೀತು ಮಾಡಬೇಕು. ಬ್ರಿಟಿಷರು ಬರುವ ಮುಂಚೆ 60 ವರ್ಷ ಅಡ್ಡಿಯಿಲ್ಲದೆ ಅನುಭವಿಸಿ, ಅವರು ಬಂದಾಗ ಮೊಮ್ಮಗನ ಕೈಯಲ್ಲಿದ್ದರೆ ಒಂದು ನಿಯಮ. 40 ವರ್ಷವಾಗಿ ಮಗನ ಕೈಯಲ್ಲಿದ್ದರೆ ಇನ್ನೊಂದು. ಸನದು ತೋರಿಸಿದರೂ ಸಾಲದು, ಪುಣೆಯ ಪೇಶ್ವೆ ದಫ್ತರದಲ್ಲಿ (ಪೇಶ್ವೆ ಸರ್ಕಾರದ ದಾಖಲೆ ಸಂಗ್ರಹದಲ್ಲಿ) ಅದರ ನಮೂದು ತಾಳೆಯಾಗಬೇಕು. ಎಷ್ಟೋ ಕಡೆ ದೇಶಪಾಂಡೆ, ಕುಲಕರ್ಣಿಗಳ ಮನೆಯಲ್ಲಿದ್ದ ಹಳೇ ದಫ್ತರಗಳನ್ನೂ ಸರ್ಕಾರ ತನ್ನ ವಶಕ್ಕೆ ತಗೊಂಡಿತು. ಅಂದರೆ ಪುರಾವೆ ಕೇಳುವವರ ಕೈಯಲ್ಲೇ ಪುರಾವೆ. ಅದರ ಮೇಲೆ, ಮಾಮೂಲಿ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ತೀರ್ಪು ಸರಿಯಿಲ್ಲ ಅನಿಸಿದರೆ ಮನವಿ ಹೋಗಬೇಕಾದ್ದು ಅದೇ ಸರ್ಕಾರಕ್ಕೆ.

ಕೈಫಿಯತ್ತುಗಳನ್ನು ಓದುವಾಗ ಮತ್ತೆ ಮತ್ತೆ ಎದುರಾಗುವುದು ಒಂದೇ ಸಂಕಟ. ಕಾಗದ ಬೆಂಕಿಗೆ ಹೋಯಿತು, ಲೂಟಿಯಲ್ಲಿ ಹೋಯಿತು, ಗೆದ್ದಲು ತಿಂದಿತು, ಆದರೆ ಹೊಲ ನಮ್ಮದು ಅಂತ ಇಡೀ ಊರಿಗೆ ಗೊತ್ತು. ಅಲ್ಲಿಯವರೆಗೆ ಊರಿಗೆ ಗೊತ್ತಿದ್ದರೆ ಸಾಕಿತ್ತು. ಐದು ಜನ ಹಿರಿಯರು ಕಟ್ಟೆಯ ಮೇಲೆ ಕೂತು ಹೌದು ಅಂದರೆ ಅದೇ ದಾಖಲೆ. ಆ ಬಾಯಿಮಾತಿನ ಹಕ್ಕಿಗೆ ಕಚೇರಿಯಲ್ಲಿ ಬೆಲೆ ಇಲ್ಲದಂತಾಯಿತು. ವಸಾಹತು ಆಳ್ವಿಕೆ ಅಂದ ಕೂಡಲೇ ನಮಗೆ ಫಿರಂಗಿ, ಗಲ್ಲು ನೆನಪಾಗುತ್ತವೆ. ಆದರೆ ಹಳ್ಳಿಯ ಮನೆಯೊಳಗೆ ಅದು ಬಂದದ್ದು ಕಾಗದದ ರೂಪದಲ್ಲಿ. ಹೊಡೆತ ತಿಂದವರಿಗೆ ಇದು ಆಗಲೇ ಗೊತ್ತಿತ್ತು. 1830ರಲ್ಲಿ ರಾಯಣ್ಣನ ಜನ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿದ್ದು ಸುಮ್ನೆ ಅಲ್ಲ.

ಬೊಂಬಾಯಿ ಇಲಾಖೆಯಲ್ಲಿ 1857ಕ್ಕೆ ಮುಂಚಿನ ಐದು ವರ್ಷದಲ್ಲೇ ಸುಮಾರು 20,000 ಇನಾಮುಗಳು ರದ್ದಾದವು ಅನ್ನುವುದು ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಲೆಕ್ಕ. ಅಷ್ಟು ಮನೆಗಳಲ್ಲಿ ನಿಮ್ಮ ಮನೆಯಂಥ ಒಂದೊಂದು ಕಥೆ ಹುಟ್ಟಿತು.

ಇನ್ನು ನರಗುಂದದ ವಿಷಯ. ನರಗುಂದದ ದೊರೆ ಭಾಸ್ಕರರಾವ್ ಭಾವೆಗೆ, ಜನ ಬಾಬಾಸಾಹೇಬ ಅಂತಾರೆ, ಗಂಡುಮಕ್ಕಳಿರಲಿಲ್ಲ. ದತ್ತು ತಗೊಳ್ಳಲು ಕಂಪನಿ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡು ಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಅವನ ಜನ ಕೊಂದರು. ಜೂನ್ ಮೊದಲಲ್ಲೇ ನರಗುಂದ ಕೋಟೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು, ಸಂಸ್ಥಾನ ಹೋಯಿತು. ನಿಮ್ಮ ಹಿರಿಯರು ಆ ಬಂಡಾಯದಲ್ಲಿ ಇದ್ದಿರಬಹುದು. ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಇನಾಮು ನಿಂತದ್ದಕ್ಕೆ ಅದು ಕಾರಣ ಅಲ್ಲ. ನಿಮ್ಮ ಇಂಗ್ಲಿಷ್ ಹಾಳೆಯ ತಾರೀಖು ಬಂಡಾಯಕ್ಕಿಂತ ಮುಂಚಿನದು. ಬಂಡಾಯದಲ್ಲಿ ಸಿಕ್ಕವರ ಆಸ್ತಿಯನ್ನು ಆಜೀವ ಇನಾಮು ಅಂತ ಮುಂದುವರಿಸುತ್ತಲೂ ಇರಲಿಲ್ಲ. ಎರಡು ನೋವುಗಳು ಮನೆಯವರ ನೆನಪಿನಲ್ಲಿ ಕೂಡಿಕೊಂಡಿವೆ. ಇದು ಸುಳ್ಳು ಹೇಳಿದ್ದಲ್ಲ. ಮೂರು ತಲೆಮಾರು ದಾಟುವಾಗ ನೆನಪು ಹೀಗೆಯೇ ಗಂಟು ಹಾಕಿಕೊಳ್ಳುತ್ತದೆ.

1858ರ ನವೆಂಬರ್ 1ರ ರಾಣಿಯ ಘೋಷಣೆಯಲ್ಲಿ ಹಿರಿಯರಿಂದ ಬಂದ ಭೂಮಿಯ ಮೇಲೆ ಇಲ್ಲಿಯ ಜನಕ್ಕಿರುವ ಮಮತೆಯನ್ನು ಗೌರವಿಸುತ್ತೇವೆ ಅನ್ನುವ ಮಾತು ಬಂತು. ಇಷ್ಟೆಲ್ಲ ಆದ ಮೇಲೆ. 1863ರಲ್ಲಿ ಹೊಸ ಕಾಯ್ದೆ ಮಾಡಿ, ತನಿಖೆ ಬೇಡದವರು ಒಂದಿಷ್ಟು ಜುಡಿ (ಕಡಿಮೆ ದರದ ಕಂದಾಯ), ನಜರಾಣೆ (ಕಾಣಿಕೆ ಹಣ) ಕಟ್ಟಿ ಇನಾಮು ಉಳಿಸಿಕೊಳ್ಳುವ ದಾರಿ ತೆರೆದರು. ನಿಮ್ಮದು ಅಷ್ಟರಲ್ಲೇ ತೀರ್ಮಾನ ಆಗಿತ್ತು.

ಮಗಳ ಪ್ರಶ್ನೆ ಒಳ್ಳೆಯದು. ಅದಕ್ಕೆ ಹೌದು ಅಥವಾ ಅಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಬೇಡಿ. ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಶುರು ಮಾಡಿದ ಸರ್ವೆ 1840ರ ದಶಕದಲ್ಲಿ ನಮ್ಮ ಕಡೆ ಬಂತು. 33 ಅಡಿಯ ಸರಪಳಿ ಎಳೆದು ಅಳೆದರು. ಆ ಸರಪಳಿಯ ಉದ್ದ, ಅಷ್ಟೇ ಅಗಲ ಸೇರಿದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಇವತ್ತಿಗೂ ನಿಮ್ಮ ಉತಾರದಲ್ಲಿ (ಪಹಣಿಯಲ್ಲಿ) ಇರುವ ಸರ್ವೆ ನಂಬರಿನ ಮೂಲ ಅದೇ. ಮೊದಲ ಸರ್ವೆಯಲ್ಲಿ ಕಂದಾಯದ ದರ ಹಿಂದಿನದಕ್ಕಿಂತ ಇಳಿದದ್ದೂ ನಿಜ. ರೈತರಿಗೆ ಅದರಿಂದ ಉಸಿರಾಡುವಂತಾಯಿತು. ಆದರೆ ಅಲ್ಲಿಯವರೆಗೆ ಅಳತೆ ಇರಲಿಲ್ಲ ಅನ್ನುವುದು ತಪ್ಪು. ನಮ್ಮವರು ಕೂರಿಗೆ ಲೆಕ್ಕದಲ್ಲಿ ಅಳೆಯುತ್ತಿದ್ದರು, ಒಂದು ಕೂರಿಗೆ ದಿನಕ್ಕೆ ಎಷ್ಟು ನೆಲ ಬಿತ್ತುತ್ತದೋ ಅಷ್ಟು. ಆ ಅಳತೆಯೊಳಗೆ ನೆಲದ ಗುಣ, ಎತ್ತಿನ ಶಕ್ತಿ ಎರಡೂ ಇದ್ದವು. ಸರಪಳಿ ಎಳೆಸಿದ್ದು ಕಂದಾಯ ಕೂರಿಸುವುದಕ್ಕೆ. 30 ವರ್ಷದ ಗಡುವು ಮುಗಿದ ಮೇಲೆ 1870ರ ದಶಕದಲ್ಲಿ ದರ ಏರಿಸಿದರು. ಮಳೆ ಬರಲಿ ಬಿಡಲಿ, ಗೊತ್ತಾದ ದಿನಕ್ಕೆ ದುಡ್ಡಿನ ರೂಪದಲ್ಲಿ ಕಟ್ಟಬೇಕು. ಅದರ ಬೆನ್ನಿಗೇ 1876-78ರ ಬರ ಬಂತು. ಕಲಾದಗಿ, ಧಾರವಾಡ ಜಿಲ್ಲೆಗಳು ಅದರಲ್ಲಿ ಬಹಳ ನೊಂದವು. ನಿಮ್ಮ 1871ರ ಪಾವತಿಯ ನಂತರ ಹೊಲ ಕೈಬಿಟ್ಟಿದ್ದರೆ, ನಾನು ಮೊದಲು ಹುಡುಕುವುದು ಈ ಬರದ ವರ್ಷಗಳ ಸಾಲವನ್ನು. ಸರ್ವೆ ನಂಬರ್ ಇದ್ದ ಹೊಲವನ್ನು ಸಾವಕಾರ ಸಲೀಸಾಗಿ ಬರೆಸಿಕೊಳ್ಳಬಹುದಿತ್ತು. ದಾಖಲೆ ಬಂದದ್ದರಿಂದ ಹೊಲ ಉಳಿದವರೂ ಇದ್ದಾರೆ, ಅದೇ ದಾಖಲೆಯಿಂದ ಹೊಲ ಕಳೆದುಕೊಂಡವರೂ ಇದ್ದಾರೆ.

ಇನ್ನೊಂದು ಸಾಧ್ಯತೆ ತೀರ ಹತ್ತಿರದ್ದು. ಹೇಳುವುದಕ್ಕೆ ಸಂಕೋಚವಾದರೂ ಹೇಳುತ್ತೇನೆ. 1974ರ ಮಾರ್ಚ್ 1ರಿಂದ ಗೇಣಿ ಹೊಲಗಳು ಸರ್ಕಾರಕ್ಕೆ ಸೇರಿದವು, ಉಳುತ್ತಿದ್ದವರು 7ನೇ ನಮೂನೆ ಅರ್ಜಿ ಕೊಟ್ಟು ಹಕ್ಕು ಪಡೆದರು. ನಿಮ್ಮ ಅಜ್ಜ ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕಿದ್ದರೆ ಹೋಗಿದ್ದು ಆಗ ಇರಬಹುದು. ಎಷ್ಟೋ ಮನೆಗಳಲ್ಲಿ 1974ರ ವಿಷಯ ಮಾತಾಡುವುದಿಲ್ಲ, ಇಂಗ್ಲಿಷರ ವಿಷಯ ಮಾತಾಡುತ್ತಾರೆ. ನೂರೈವತ್ತು ವರ್ಷದ ಹಿಂದಿನವರನ್ನು ದೂರುವುದು ಸುಲಭ. ಪಕ್ಕದ ಓಣಿಯಲ್ಲಿ ದಿನಾ ಕಾಣುವ ಮನೆಯವರ ವಿಷಯ ಎತ್ತುವುದು ಕಷ್ಟ.

ಈಗ ನೀವು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಈ ಸನದನ್ನು ಹಿಡಿದು ಕೋರ್ಟಿಗೆ ಹೋಗುವುದು ಬೇಡ. ಇನಾಮು ಪದ್ಧತಿಯನ್ನೇ ಸ್ವಾತಂತ್ರ್ಯದ ನಂತರ ಕಾಯ್ದೆ ಮಾಡಿ ತೆಗೆದಿದ್ದಾರೆ. ಬೊಂಬಾಯಿ ಕರ್ನಾಟಕದಲ್ಲಿ ವೈಯಕ್ತಿಕ ಇನಾಮುಗಳನ್ನು ತೆಗೆದದ್ದು 1952ರ ರದ್ದತಿ ಕಾಯ್ದೆ. ಆಸ್ತಿಯ ಸ್ವಾಧೀನ ಕೇಳುವ ದಾವೆಗೆ ಸಾಮಾನ್ಯವಾಗಿ 12 ವರ್ಷದ ಮಿತಿ ಇದೆ. ಹೀಗೆ ಎರಡು ತಲೆಮಾರು ಕೋರ್ಟು ಅಲೆದು ಇದ್ದ ನಾಲ್ಕು ಎಕರೆಯನ್ನೂ ಮಾರಿಕೊಂಡ ಮನೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ದುಡ್ಡಿಗಿಂತ ಜಾಸ್ತಿ ಹಾಳಾದದ್ದು ಊರಿನ ಸಂಬಂಧ. ಹೊಲ ಹೋಗಿದ್ದು 1974ರ ಆಚೀಚೆ ಅಂತ ಖಚಿತವಾದರೆ ಮಾತ್ರ ಒಮ್ಮೆ ಭೂಮಿ ವ್ಯಾಜ್ಯ ಬಲ್ಲ ವಕೀಲರಿಗೆ ಕಾಗದ ತೋರಿಸಿ. ಆಗಲೂ ಆಸೆ ಕಡಿಮೆ ಇಟ್ಟುಕೊಳ್ಳಿ.

ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಕಂಪನಿಯ ಕಾಗದಪತ್ರ ರಾಶಿಗಟ್ಟಲೆ ಇದೆ, ನಿಜ. ಆದರೆ ಅಲ್ಲಿರುವುದು ಹೆಚ್ಚಾಗಿ ಸರ್ಕಾರಗಳ ನಡುವಿನ ಪತ್ರ, ವರದಿ, ನಡವಳಿ. ಒಂದು ಹಳ್ಳಿಯ ಒಂದು ಹೊಲದ ಸನದು, ಕೈಫಿಯತ್ತು ಹುಡುಕಬೇಕಾದ್ದು ಪುಣೆಯ ಪತ್ರಾಗಾರದಲ್ಲಿ. ಇನ್ನು ಮಾರುವ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಇತಿಹಾಸದ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅವರು ದುಡ್ಡು ತಗೊಂಡು ಹೋಗುತ್ತಾರೆ, ಕೇಸು ನಿಮ್ಮ ಮೇಲೆ ಬೀಳುತ್ತದೆ.

ಹೊಲ ನಿಜಕ್ಕೂ ಯಾವಾಗ ಹೋಯಿತು ಅಂತ ತಿಳಿಯಬೇಕಾ? ಹಾಗಾದರೆ ಇವತ್ತಿನಿಂದ ಹಿಂದಕ್ಕೆ ನಡೆಯಿರಿ. ಇವತ್ತಿನ ಉತಾರ ತಗೊಳ್ಳಿ. ಅದಕ್ಕೂ ಹಿಂದಿನ ಕೈಬರಹದ ಉತಾರ, ಹಕ್ಕು ಬದಲಾವಣೆಯ ನಮೂದುಗಳನ್ನು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಬೊಂಬಾಯಿ ಇಲಾಖೆಯಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದರ ಈಚೆಗೆ ಹೊಲ ಕೈ ಬದಲಾಗಿದ್ದರೆ ನಮೂದು ಸಿಗುವ ಸಾಧ್ಯತೆ ಚೆನ್ನಾಗಿದೆ. ಭೂದಾಖಲೆ ಇಲಾಖೆಯಲ್ಲಿ ಮೂಲ ಟಿಪ್ಪಣಿ (ಸರ್ವೆ ಅಳತೆಯ ಬರಹ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ಕೇಳಿ. ಅಲ್ಲಿ ಮೊದಲ ಸರ್ವೆಯ ಅಳತೆ ಕಾಣುತ್ತದೆ. ನಿಮ್ಮ 40 ಎಕರೆ 12 ಗುಂಟೆ ಅಲ್ಲಿ ತಾಳೆಯಾಗುತ್ತದೋ ನೋಡಿ. ಇಷ್ಟಕ್ಕೇ ಕೆಲವು ತಿಂಗಳು ಹಿಡಿಯಬಹುದು. ಪುಣೆಗೆ ಹೋಗುವುದು ಕೊನೆಯ ಹಂತ. ಹೋಗುವಾಗ ಮೋಡಿ ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ತಾರೀಖುಗಳೂ ನಮ್ಮ ಲೆಕ್ಕದಲ್ಲಿರುವುದಿಲ್ಲ. ಫಸಲಿ (ಕಂದಾಯದ) ವರ್ಷವಾದರೆ 590 ಕೂಡಿಸಿ, ಶಕ ವರ್ಷವಾದರೆ 78 ಕೂಡಿಸಿ, ಹತ್ತಿರದ ಇಸವಿ ಸಿಗುತ್ತದೆ.

ಈ ದಾರಿಯಲ್ಲೂ ಒಂದು ಅಪಾಯ ಇದೆ. ನಿಮಗೆ ಇಷ್ಟವಾಗದ ಸಂಗತಿ ಸಿಗಬಹುದು. ಹಿರಿಯರೇ ಮಾರಿದ್ದಿರಬಹುದು. ಬರೆಸಿಕೊಂಡವರು ನಿಮ್ಮದೇ ಬೀಗರಾಗಿರಬಹುದು. ಕಾಕಾ ಅವರಿಗೆ ಮೊದಲೇ ಹೇಳಿ, ಮನೆಯಲ್ಲಿ ಒಪ್ಪಿಗೆ ಆದ ಮೇಲೆ ಹುಡುಕಲು ಹೊರಡಿ.

ಕಾಗದಗಳ ವಿಷಯದಲ್ಲಿ ಮಾತ್ರ ಇವತ್ತೇ ಕೈಹಾಕಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನೊಳಗೆ ಬೆಂದು ಅಕ್ಷರ ಕಾಣದಂತಾದ ಸನದುಗಳನ್ನು ಕೈಯಲ್ಲಿ ಹಿಡಿದಿದ್ದೇನೆ. ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ತೊಳೆದು ಒಣಗಿಸಿದ ಕೋರಾ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ, ಗೋಡೆಯ ಥಂಡಿ ತಟ್ಟದಂತೆ ಎತ್ತರದಲ್ಲಿಡಿ. ಹಿಂದಿನವರು ರುಮಾಲು ಕಟ್ಟಿ ಇಡುತ್ತಿದ್ದದ್ದು ಇದಕ್ಕೇ. ಇಂಗ್ಲಿಷ್ ಹಾಳೆಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಆ ನೀಲಿ ಛಾಯೆಯ ಕಾಗದದೊಳಗೆ ಎಷ್ಟೋ ಸಲ ತಯಾರಿಸಿದ ವರ್ಷವೇ ಮೂಡಿರುತ್ತದೆ. ಇದ್ದರೆ ಬರೆದುಕೊಳ್ಳಿ. ಮುಂದೆ ಯಾವಾಗಲಾದರೂ ಮನೆಯಲ್ಲಿ ಇಡುವುದು ಕಷ್ಟ ಅನಿಸಿದರೆ ಕರ್ನಾಟಕ ರಾಜ್ಯ ಪತ್ರಾಗಾರದ ಧಾರವಾಡ ಕಚೇರಿಯಲ್ಲಿ ವಿಚಾರಿಸಿ. ಮೂಲ ಕೊಡುವುದಾದರೆ ರಸೀದಿ ಇಲ್ಲದೆ ಯಾರಿಗೂ ಕೊಡಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ನೀವು 'ನಮ್ಮ ಹೊಲ' ಅಂತ ಬರೆದಿದ್ದೀರಿ. ಸನದು ನಿಮ್ಮವರ ಹೆಸರಿನಲ್ಲಿದೆ, ಸರಿ. ಆದರೆ ಇನಾಮು ಹೊಲವನ್ನು ಉಳುತ್ತಿದ್ದವರು ಬಹಳ ಕಡೆ ಬೇರೆ ಜನ. ಬಿಡುವು ಇದ್ದಾಗಲೂ, ಅದು ಹೋದಾಗಲೂ ಅವರ ಬದುಕಿನಲ್ಲಿ ಬದಲಾದದ್ದು ಕಡಿಮೆ. ಕಮಿಷನ್ನಿನ ಕಡತದಲ್ಲಿ ಅವರ ಕೈಫಿಯತ್ತನ್ನು ಯಾರೂ ಬರೆಸಿಕೊಳ್ಳಲಿಲ್ಲ. ನಿಮ್ಮ ಎರಡನೆಯ ಕಾಗದದ ಕೆಳಗಿನ ಎಡಮೂಲೆಯಲ್ಲಿ ಪುಟ್ಟದೊಂದು ನೇಗಿಲಿನ ಚಿತ್ರ ಇದೆ, ಮೇಳಿ, ಈಸು ಎರಡೂ ಕಾಣುತ್ತವೆ. ಅದು ಚಿತ್ರ ಅಲ್ಲ, ಸಹಿ. ಅಕ್ಷರ ಬಾರದ ರೈತ ಸಾಕ್ಷಿ ಹಾಕುವಾಗ ಬರೆಯುತ್ತಿದ್ದ ನೇಗಿಲಿನ ಗುರುತು. ಅದರ ಪಕ್ಕ ಕಾರಕೂನ ಆ ಮನುಷ್ಯನ ಹೆಸರು ಬರೆದಿದ್ದಾನೆ. ಫೋಟೋದಲ್ಲಿ ನಿಮ್ಮ ಹೆಬ್ಬೆರಳಿನ ನೆರಳು ಅಲ್ಲೇ ಬಿದ್ದಿದೆ. ಬೆಳಗಿನ ಬಿಸಿಲಿನಲ್ಲಿ, ಫ್ಲಾಶ್ ಹಾಕದೆ, ಆ ಮೂಲೆಯನ್ನು ಇನ್ನೊಮ್ಮೆ ತೆಗೆದು ಕಳಿಸಿ. ಓದಿ ತಿಳಿಸುತ್ತೇನೆ.